ಮಾದಪ್ಪ ಹೊಗೆಮೀಟರು ಕೂರಿಸಿದ ಕತೆ

ಕೇಳುವವರು ಕಾಲು ಚಾಚಿ ಕುಳಿತುಕೊಳ್ಳಿ, ನಗುವವರು ಹೊಟ್ಟೆ ಹಿಡಿದುಕೊಳ್ಳಿ. ಹುಣಸೂರಿನ ಹೊರಬೀದಿಯಲ್ಲಿ ಚೆನ್ನಾಜಮ್ಮ ಎಂಬ ತಾಯಿ; ಆ ತಾಯಿಗೆ ಮಾದಪ್ಪ ಎಂಬ ಮಗ. ತಾಯಿಗಿದ್ದ ಬುದ್ಧಿಯಲ್ಲಿ ಕಾಲು ಪಾಲು ಮಗನಿಗೆ ಬಂದಿದ್ದರೂ ಈ ಕತೆ ಹುಟ್ಟುತ್ತಿರಲಿಲ್ಲ. ಮಗನಿಗಿದ್ದ ವಿಧೇಯತೆಯಲ್ಲಿ ಕಾಲು ಪಾಲು ಲೋಕಕ್ಕೆ ಬಂದಿದ್ದರೆ ಲೋಕ ಎಂದೋ ಮುಳುಗಿಹೋಗುತ್ತಿತ್ತು.

ಚೆನ್ನಾಜಮ್ಮನದು ಕಾರು ರಿಪೇರಿಯ ಶೆಡ್ಡು. ಗಂಡ ತೀರಿಕೊಂಡ ಮೇಲೆ ಸೆರಗು ಸಿಕ್ಕಿಸಿ ಸ್ಪ್ಯಾನರ್ ಹಿಡಿದವಳು ಇಪ್ಪತ್ತೆಂಟು ವರ್ಷ ಕೆಳಗಿಟ್ಟಿರಲಿಲ್ಲ. ಎಂಜಿನ್ನಿನ ಸದ್ದು ಕೇಳಿಯೇ ಅದರ ಜಾತಕ ಹೇಳುತ್ತಿದ್ದಳು. ಇದಕ್ಕೆ ಪೆಟ್ರೋಲು ಹೆಚ್ಚಾಯಿತು, ಇದಕ್ಕೆ ಗಾಳಿ ಹೆಚ್ಚಾಯಿತು ಎಂದು ಕಣ್ಣು ಮುಚ್ಚಿ ಹೇಳಿದರೂ ತಪ್ಪುತ್ತಿರಲಿಲ್ಲ. ಮಗ ಮಾದಪ್ಪನಿಗೆ ಮೂವತ್ತು ತುಂಬಿತ್ತು. ಆಳು ನೋಡಿದರೆ ತೆಂಗಿನ ಮರ, ಬಲ ನೋಡಿದರೆ ಗಾಣದ ಎತ್ತು. ಹೇಳಿದ್ದನ್ನು ಹೇಳಿದ ಹಾಗೆ ಮಾಡುವುದರಲ್ಲಿ ಅವನನ್ನು ಮೀರಿಸುವವರು ಏಳೂರಲ್ಲಿ ಇರಲಿಲ್ಲ. ಕಷ್ಟವೇ ಅದು! ಅವನ ತಲೆಯಲ್ಲಿ ಒಂದು ಸಲಕ್ಕೆ ಒಂದೇ ಮಾತಿಗೆ ಜಾಗ. ಹೊಸ ಮಾತು ಒಳಗೆ ಬಂದರೆ ಹಳೆಯದು ಗಂಟು ಕಟ್ಟಿಕೊಂಡು ಹೊರಗೆ ನಡೆಯಬೇಕು.

ಹೀಗಿರುವಾಗ ಚೆನ್ನಾಜಮ್ಮನ ಕಿವಿ ಮಂದವಾಯಿತು. ಮಂದವಾದದ್ದು ಯಾರಿಗೂ ಗೊತ್ತಾಗಲಿಲ್ಲ. ಕೊಡಗಿನ ದೇಚಮ್ಮನ ಕಾರಿಗೆ ಮಾತ್ರ ಗೊತ್ತಾಯಿತು. ದೇಚಮ್ಮ, ಕೊಯ್ಲಾದ ಗದ್ದೆಗಳಲ್ಲಿ ಮಣ್ಣೆಬ್ಬಿಸುತ್ತ ಕಾರಿನ ಪಂದ್ಯ ಓಡುವ ಹೆಂಗಸು. ಹೋದ ಸಲ ಎರಡನೆಯ ಸುತ್ತಿನಲ್ಲಿ, ಚೆನ್ನಾಜಮ್ಮ ಕಿವಿಯಿಂದಲೇ ಹದ ಮಾಡಿದ್ದ ಅವಳ ಎಂಜಿನ್ನಿಗೆ ಗಾಳಿ ಹೆಚ್ಚಾಗಿ, ಕಾವು ಏರಿ, ಪಿಸ್ಟನ್ನು ಕರಗಿ ಬೆಲ್ಲದ ಪಾಕವಾಗಿತ್ತು.

ಆ ಸೋಮವಾರ ದೇಚಮ್ಮ ಕಾರು ತಂದು ನಿಲ್ಲಿಸಿ, ಹಿಂಜರಿಯುತ್ತ ಹೇಳಿದಳು: "ಚೆನ್ನಾಜಮ್ಮ, ನೀವು ಬೇಜಾರ್ ಮಾಡ್ಕೋಬಾರ್ದು. ಬರೋ ಭಾನುವಾರ ಪಂದ್ಯ. ಅವತ್ತು ಎಂಜಿನ್ ಉಳೀತು ಅಂದ್ರೆ ಗಾಡಿ ನಿಮ್ಮ ಹತ್ರಾನೇ. ಉಳೀಲಿಲ್ಲ ಅಂದ್ರೆ ಬೇರೆ ಕಡೆ ಕೊಡ್ತೀನಿ."

ಶೆಡ್ಡಿಗೆ ಬರುವ ಪಂದ್ಯದ ಗಾಡಿ ಅದೊಂದೇ. ಅದು ಹೋದರೆ ಉಳಿಯುವುದು ಪಂಚರು, ಆಯಿಲು ಮತ್ತು 'ಚೆನ್ನಾಜಮ್ಮನಿಗೆ ಕಿವಿ ಹೋಯಿತಂತೆ' ಎಂಬ ಮಾತು. ಆದರೂ ಚೆನ್ನಾಜಮ್ಮ ಅಳುಕದೆ ಹೇಳಿದಳು: "ನನ್ ಕಿವಿ ಬೇಡ ಬುಡಿ ತಾಯಿ. ವೈಡ್‌ಬ್ಯಾಂಡ್ ಸೆನ್ಸರ್ ಹಾಕ್ತೀನಿ."

ಏನದು ಅಂತೀರಾ? ಮುದ್ದೆಗೆ ಹಿಟ್ಟು ನೀರು ಇದ್ದ ಹಾಗೆ ಎಂಜಿನ್ನಿಗೆ ಪೆಟ್ರೋಲು, ಗಾಳಿ. ಹದ ತಪ್ಪಿದರೆ ಮುದ್ದೆ ಗಂಟು, ಎಂಜಿನ್ನು ಬೂದಿ. ಹೊಗೆ ಹೋಗುವ ಕೊಳವೆಗೆ ಹೆಬ್ಬೆರಳುದ್ದದ ಈ ಸೆನ್ಸರನ್ನು ತಿರುಗಿಸಿ ಕೂರಿಸಿದರೆ, ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಮೂಸಿ ನೋಡಿ, ಒಂದು ಪಾಲು ಪೆಟ್ರೋಲಿಗೆ ಎಷ್ಟು ಪಾಲು ಗಾಳಿ ಎಂದು ಮೀಟರಿನ ಮುಳ್ಳಿನಲ್ಲಿ ತೋರಿಸುತ್ತದೆ. ಒಂದು ಕೆಟ್ಟರೆ ಇನ್ನೊಂದು ಇರಲಿ ಎಂದು ದೇಚಮ್ಮ ಎರಡು ಸೆನ್ಸರು ತರಿಸಿದಳು.

ಮಂಗಳವಾರ ಪಾರ್ಸೆಲು ಬಂತು. ಚೆನ್ನಾಜಮ್ಮ ಮಗನನ್ನು ಕರೆದಳು.

"ಲೋ ಮಾದಪ್ಪ, ಹೋಗಿ ಪಾರ್ಸೆಲ್ ತತ್ತಾ. ಒಳಗಿರೋದು ಬಲು ಸೂಕ್ಷ್ಮ. ಬೀಳಿಸ್ಬ್ಯಾಡ, ಬಡೀಬ್ಯಾಡ. ಹಸುಗೂಸು ನೋಡ್ಕಂಡಂಗೆ ನೋಡ್ಕೊ!"

"ಆಯ್ತು ಕಣವ್ವ! ತಲೇಲಿ ಇಟ್ಕಂಡೆ."

ಹೋದ. ತಂದ. ತಾಯಿ ಹಿಂದಿನ ಅಂಗಳಕ್ಕೆ ಬಂದು ನೋಡುತ್ತಾಳೆ: ಮಾದಪ್ಪ ಕಾಲು ನೀಡಿ ಕುಳಿತಿದ್ದಾನೆ. ನೀಡಿದ ಕಾಲಿನ ಮೇಲೆ ಸೆನ್ಸರು ಬೋರಲು ಮಲಗಿದೆ. ಹರಳೆಣ್ಣೆ ಹಚ್ಚಿ ನೀವಿದ್ದಾನೆ, ಬಿಸಿನೀರು ಹುಯ್ದಿದ್ದಾನೆ, ಕೆಂಡಕ್ಕೆ ಸಾಂಬ್ರಾಣಿ ಹಾಕಿ ಹೊಗೆ ಹಿಡಿದಿದ್ದಾನೆ. ಈಗ ಕಿರುಬೆರಳಲ್ಲಿ ಕಾಡಿಗೆ ತೆಗೆದು ದೃಷ್ಟಿಬೊಟ್ಟು ಇಡುತ್ತಿದ್ದಾನೆ!

"ಅಯ್ಯೋ ನನ್ ಕರ್ಮವೇ! ಏನ್ಲಾ ಮಾಡ್ದೆ?"

"ನೀನ್ ಹೇಳ್ದಂಗೇ ಮಾಡ್ದೆ ಕಣವ್ವ! ಹಸುಗೂಸಿಗೆ ಎಣ್ಣೆ ನೀರು ಹಾಕ್ದೆ. ಒಂಚೂರೂ ಅಳ್ಲಿಲ್ಲ, ಚಿನ್ನದಂತ ಕೂಸು!"

ಎಣ್ಣೆ ಕುಡಿದ ಸೆನ್ಸರು ಹೊಗೆಯ ರುಚಿ ಹೇಳೀತೆ? ಎರಡರಲ್ಲಿ ಒಂದು ತೀರಿಕೊಂಡಿತು. ಚೆನ್ನಾಜಮ್ಮ ಹಣೆ ಹಣೆ ಚಚ್ಚಿಕೊಂಡಳು.

"ಅದ್ಕೆ ಎಣ್ಣೆ ಬ್ಯಾಡ ಕಣ್ಲಾ, ನೀರು ಬ್ಯಾಡ! ಅದ್ಕೆ ಬೇಕಾಗಿರೋದು ಗಾಳಿ. ಕೊಳವೆಗೆ ಹಾಕೋಕ್ ಮುಂಚೆ ಒಳ್ಳೆ ಗಾಳಿ ತೋರಿಸ್ಬೇಕು, 'ಗಾಳಿ ಅಂದ್ರೆ ಇದು' ಅಂತ ಅದು ಗುರುತು ಹಿಡ್ಕಬೇಕು. ನಾಳೆ ಎದ್ದವನೇ ಇನ್ನೊಂದಕ್ಕೆ ಒಳ್ಳೆ ಗಾಳಿ ತೋರ್ಸು!"

"ಆಯ್ತು ಕಣವ್ವ! ತಲೇಲಿ ಇಟ್ಕಂಡೆ."

ಬುಧವಾರ ಎದ್ದವನೇ ಸೆನ್ಸರು ಹಿಡಿದು ಶೆಡ್ಡಿನ ಬಾಗಿಲಿಗೆ ಬಂದ. ಮೂಸಿದ. ಆಯಿಲಿನ ವಾಸನೆ! ಇದು ಒಳ್ಳೆ ಗಾಳಿಯಲ್ಲ. ರಸ್ತೆಗೆ ಬಂದ. ಮೂಸಿದ. ಬಸ್ಸಿನ ಹೊಗೆ! ಇದೂ ಅಲ್ಲ. ಸಂತೆ ಮಾಳಕ್ಕೆ ಹೋದ, ಒಣಮೀನು! ತೋಟದ ಕಡೆ ಹೋದ, ತಿಪ್ಪೆಗೊಬ್ಬರ! ಒಳ್ಳೆ ಗಾಳಿ ಹುಡುಕುತ್ತ ಹುಡುಕುತ್ತ ಊರು ದಾಟಿದ, ಕೆರೆ ದಾಟಿದ, ಗುಡ್ಡ ಹತ್ತಿದ. ಗುಡ್ಡದ ನೆತ್ತಿಯ ಬಂಡೆಯ ಮೇಲೆ ನಿಂತು, ಸೆನ್ಸರನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದ. ಹಿಡಿದೇ ಹಿಡಿದ.

ಕುರಿ ಮೇಯಿಸುವ ಅಜ್ಜ ಕೆಳಗಿನಿಂದ ಕೂಗಿ ಕೇಳಿದ: "ಏನಪ್ಪಾ, ಸಿಗ್ನಲ್ ಸಿಕ್ತಾ?"

"ಗಾಳಿ ತೋರಿಸ್ತಾ ಇವ್ನಿ ತಾತ! ಮಾತಾಡಿಸ್ಬ್ಯಾಡಿ, ಗುರುತು ಹಿಡ್ಕತಾ ಅದೆ!"

ಅಜ್ಜ ಕುರಿಗಳನ್ನು ಬೇರೆ ಕಡೆ ಹೊಡೆದುಕೊಂಡು ಹೋದ.

ಹೊತ್ತು ಇಳಿಯುವಾಗ ಮಾದಪ್ಪ ಮನೆಗೆ ಬಂದ. ದಿನವಿಡೀ ದಾರಿ ಕಾದು ಚೆನ್ನಾಜಮ್ಮನ ಕಣ್ಣು ಬತ್ತಿಹೋಗಿತ್ತು.

"ಎಲ್ ಹಾಳಾಗ್ ಹೋಗಿದ್ಯೋ?"

"ನೀನ್ ಹೇಳ್ದಂಗೇ ಮಾಡ್ದೆ ಕಣವ್ವ! ಸುತ್ತೇಳು ಊರಲ್ಲಿರೋ ಒಳ್ಳೆ ಗಾಳೀನೆಲ್ಲ ತೋರಿಸ್ಕಂಡು ಬಂದೆ!"

"ಅಯ್ಯೋ ನನ್ ಕರ್ಮವೇ! ವೈರು ಇಲ್ಲಿ, ಮೀಟರು ಇಲ್ಲಿ, ಬ್ಯಾಟರಿ ಇಲ್ಲಿ! ಸೆನ್ಸರ್ ಒಂದ್ನೇ ಗುಡ್ಡದ ಮ್ಯಾಕೆ ಹೊತ್ಕೊಂಡ್ ಹೋದ್ರೆ ಅದು ತಣ್ಣಗಿರೋ ಕಬ್ಬಿಣ ಕಣ್ಲಾ! ಅದ್ರೊಳಗಿನ ತಂತಿ ಬಿಸಿಯಾಗ್ಬೇಕು, ಆಮೇಲೆ ಅದು ಗಾಳಿ ಮೂಸೋದು. ಕೇಳಿಲ್ಲಿ: ಮೊದ್ಲು ಬಿಸಿ, ಆಮೇಲೆ ಕೆಲಸ! ಮರೀಬ್ಯಾಡ!"

"ಆಯ್ತು ಕಣವ್ವ! ತಲೇಲಿ ಇಟ್ಕಂಡೆ."

ಆಕೆ ತಾನೇ ವೈರು ಸೇರಿಸಿ, ಸೆನ್ಸರನ್ನು ಬಿಸಿ ಮಾಡಿ, ಅಂಗಳದ ಗಾಳಿ ತೋರಿಸಿದಳು. ಎಣ್ಣಿ ನೋಡಿದರೆ ಎರಡು ನಿಮಿಷದ ಕೆಲಸ.

ಗುರುವಾರ ಬೆಳಿಗ್ಗೆ ಚೆನ್ನಾಜಮ್ಮ ಕಾರಿನ ಕೆಳಗೆ ಮಲಗಿ ಅಳತೆ ತೆಗೆಯುತ್ತಿದ್ದಳು. ಎಂಜಿನ್ನಿನ ಬಾಯಿಂದ ಎರಡಡಿ ಆಚೆಗೆ, ಕೊಳವೆಯ ಮೇಲ್ಬದಿಗೆ ಓರೆಯಾಗಿ, ಹೊಗೆಯ ನೀರು ಒಳಗೆ ಇಳಿಯದ ಹಾಗೆ ಸೆನ್ಸರು ಕೂರಬೇಕು. ಅಲ್ಲಿಂದಲೇ ಕೂಗಿದಳು: "ಮಾದಪ್ಪಾ, ಕ್ಯಾನಿನಲ್ಲಿರೋ ಪೆಟ್ರೋಲ್ ಟ್ಯಾಂಕಿಗೆ ಹಾಕ್ಲಾ!"

ಸದ್ದಿಲ್ಲ. ಸುಳಿವಿಲ್ಲ. ಹೊರಳಿ ಎದ್ದು ಅಡುಗೆ ಮೂಲೆಗೆ ಬಂದು ನೋಡಿದರೆ, ಒಲೆಯ ಮೇಲೆ ಪೆಟ್ರೋಲಿನ ಕ್ಯಾನು! ಮುಚ್ಚಳ ಭದ್ರ. ಮಗನ ಕೈಯಲ್ಲಿ ಬೆಂಕಿಪೊಟ್ಟಣ. ಕಡ್ಡಿ ಗೀರುವುದೊಂದೇ ಬಾಕಿ.

ಆ ವಯಸ್ಸಿನಲ್ಲಿ ಚೆನ್ನಾಜಮ್ಮ ನೆಗೆದ ನೆಗೆತ ನೋಡಿದವರಿಲ್ಲ. ಪೊಟ್ಟಣ ಕಿತ್ತುಕೊಂಡು ಬಾವಿಗೆ ಎಸೆದಳು.

"ಕೊಲೆಗಾರ! ಮನೆ ಸುಡ್ತಿದ್ದೆಯಲ್ಲೋ!"

"ನೀನ್ ಹೇಳ್ದಂಗೇ ಮಾಡ್ದೆ ಕಣವ್ವ! ಮೊದ್ಲು ಬಿಸಿ, ಆಮೇಲೆ ಕೆಲಸ!"

"ಅಯ್ಯೋ ನನ್ ಕರ್ಮವೇ! ಪೆಟ್ರೋಲಿರೋ ಕಡೆ ಬೆಂಕಿ ಹೆಸ್ರೇ ಎತ್ಬಾರ್ದು! ಇನ್ ಮ್ಯಾಲೆ ಈ ಶೆಡ್ಡಲ್ಲಿ ಒಂದೇ ಒಂದು ಕಿಡಿ ಕಂಡ್ರೂ ಸರಿ, ನನ್ನ ಕೇಳ್ಬ್ಯಾಡ, ನಿಂತ್ ಯೋಚ್ನೆ ಮಾಡ್ಬ್ಯಾಡ. ಬಕೀಟಲ್ಲಿರೋ ಮರಳು ತಗೊಂಡು ಸುರಿ!"

"ಆಯ್ತು ಕಣವ್ವ! ತಲೇಲಿ ಇಟ್ಕಂಡೆ."

ಮಧ್ಯಾಹ್ನ ವೆಲ್ಡಿಂಗ್ ಫೆಲಿಕ್ಸ್ ಬಂದ. ಕಾರಿನಿಂದ ಬಿಚ್ಚಿದ ಕೊಳವೆಯನ್ನು ಅಂಗಳದ ಕಟ್ಟೆಯ ಮೇಲೆ ಇಟ್ಟು, ತೂತು ಕೊರೆದು, ಸೆನ್ಸರು ತಿರುಗಿಸಿ ಕೂರಿಸಲು ಒಳಗೆ ಸುರುಳಿಗೆರೆಯಿರುವ ದಪ್ಪ ನಟ್ಟನ್ನು ಅದರ ಮೇಲೆ ಇಟ್ಟು, ಕಪ್ಪು ಗಾಜಿನ ಮುಸುಕು ಹಾಕಿಕೊಂಡು ಬಗ್ಗಿದ. ಚಿರ್ರ್! ಒಂದಲ್ಲ, ಎರಡಲ್ಲ, ಸಾವಿರ ಕಿಡಿ!

ಮಾದಪ್ಪ ಕೇಳಲಿಲ್ಲ. ಯೋಚನೆ ಮಾಡಲಿಲ್ಲ. ಒಂದು ಬಕೀಟು ಮರಳು ಫೆಲಿಕ್ಸನ ತಲೆಯ ಮೇಲೆ. ಕಿಡಿ ನಿಲ್ಲಲಿಲ್ಲ. ಎರಡನೆಯ ಬಕೀಟು ಬೆನ್ನ ಮೇಲೆ. ಮೂರನೆಯದು ಅಂಗಿಯ ಕಾಲರಿನೊಳಗೆ!

"ಅಕ್ಕೋ! ಬದುಕಿದೋನ್ನ ಹೂಳ್ತಾವ್ನೆ ನಿಮ್ಮ ಮಗ!" ಫೆಲಿಕ್ಸ್ ಮರಳು ಉಗುಳುತ್ತ ಕುಣಿದಾಡಿದ.

"ಅಯ್ಯೋ ನನ್ ಕರ್ಮವೇ! ದುಡಿಯೋನ ತಲೆ ಮೇಲೆ ಮರಳು ಸುರೀತಾರೇನ್ಲಾ?"

"ನೀನ್ ಹೇಳ್ದಂಗೇ ಮಾಡ್ದೆ ಕಣವ್ವ! ಅಣ್ಣ ಆರ್ಲೇ ಇಲ್ಲ, ಬಲು ಹೊತ್ಕಂಡಿದ್ದ!"

ಫೆಲಿಕ್ಸನಿಗೆ ಮಜ್ಜಿಗೆ ಕೊಟ್ಟು, ಕಾಲು ಹಿಡಿದು, ಮಗನನ್ನು ರಸ್ತೆಯಾಚೆ ನಿಲ್ಲಿಸುತ್ತೇನೆಂದು ಮಾತು ಕೊಟ್ಟ ಮೇಲೆ ನಟ್ಟು ಕೊಳವೆಗೆ ಅಂಟಿತು. ಚೆನ್ನಾಜಮ್ಮ ಸೆನ್ಸರನ್ನು ತನ್ನ ಕೈಯಾರೆ ತಿರುಗಿಸಿ ಬಿಗಿದಳು. ಮೀಟರನ್ನು ಡ್ರೈವರಿನ ಎದುರಿಗೆ ಕೂರಿಸಿದಳು. ಆಮೇಲೆ ಮಗನನ್ನು ಕರೆದು ಹೇಳಿದಳು: "ನಾಳೆ ಗಾಡಿ ಓಡಿಸಿ ನೋಡ್ಬೇಕು. ನಿನ್ ಕೈ ಎಲ್ಲಿಗೂ ಹೋಗ್ಬಾರ್ದು. ನಿನ್ ಕೆಲಸ ಕಣ್ಣಿಂದು, ಬಾಯಿಂದು. ಕಂಡಿದ್ದನ್ನ ಕಂಡಂಗೇ ಕೂಗಿ ಹೇಳು, ಸಾಕು!"

"ಆಯ್ತು ಕಣವ್ವ! ತಲೇಲಿ ಇಟ್ಕಂಡೆ."

ಶುಕ್ರವಾರ, ಬಸ್ಸು ಲಾರಿ ಬಿಟ್ಟುಹೋದ ಹಳೆಯ ರಸ್ತೆ. ದೇಚಮ್ಮ ಸ್ಟೇರಿಂಗಿನಲ್ಲಿ. ಪಕ್ಕದಲ್ಲಿ ಮಾದಪ್ಪ, ಕಣ್ಣು ಬಿಟ್ಟುಕೊಂಡು, ಕೈಯನ್ನು ತೊಡೆಯಡಿ ಸಿಕ್ಕಿಸಿಕೊಂಡು. ಪಂದ್ಯದ ಗಾಡಿಗೆ ಹಿಂದಿನ ಸೀಟು ಎಲ್ಲಿ ಬಂತು? ಚೆನ್ನಾಜಮ್ಮ ಹಿಂದೆ ತಗಡಿನ ಮೇಲೆ ಕುಕ್ಕರಗಾಲಲ್ಲಿ ಕುಳಿತು, ಮಡಿಲಲ್ಲಿ ಲ್ಯಾಪ್‌ಟಾಪು ಇಟ್ಟುಕೊಂಡಿದ್ದಳು. ಮಗ ಅಂಕಿ ಹೇಳಬೇಕು, ತಾಯಿ ಅದರಲ್ಲಿ ಒತ್ತಿ ಎಂಜಿನ್ನಿಗೆ ಹೋಗುವ ಪೆಟ್ರೋಲು ತಿದ್ದಬೇಕು. ಪೂರ್ತಿ ತುಳಿದಾಗ ಹನ್ನೆರಡೂವರೆ ಬಂದರೆ ಹದ. ಹದಿನಾಲ್ಕು, ಹದಿನೈದಕ್ಕೆ ಏರಿದರೆ ಗಾಳಿ ಹೆಚ್ಚು, ಪಿಸ್ಟನ್ನಿಗೆ ಚಿತೆ.

ದೇಚಮ್ಮ ತುಳಿದಳು. ಗಾಡಿ ಚಿಗರೆಯಂತೆ ನೆಗೆಯಿತು.

"ಕೂಗ್ಲಾ!"

"ಹದಿಮೂರು! ಎಮ್ಮೆ! ಇನ್ನೊಂದ್ ಎಮ್ಮೆ! ಹನ್ನೆರಡೂ ಮುಕ್ಕಾಲು! ಹದಿನೇಳು!"

"ಹದಿನೇಳಾ? ಅಯ್ಯಯ್ಯೋ!" ತಾಯಿ ಪೆಟ್ರೋಲು ಏರಿಸಿದಳು.

"ಹನ್ನೆರಡು! ಬೇವಿನ್ ಮರ! ಹದಿನಾರು!"

"ಇನ್ನೂ ಹದಿನಾರಾ?" ಮತ್ತೆ ಏರಿಸಿದಳು.

"ಹತ್ತು! ನಾಯಿ! ಹದಿನೈದು!"

ಮತ್ತೆ ಏರಿಸಿದಳು. ಗಾಡಿ ಕೆಮ್ಮಿತು, ಕ್ಯಾಕರಿಸಿತು, ಹಿಂದಿನಿಂದ ಕರಿಯ ಹೊಗೆ ಹಾವಿನಂತೆ ಹೆಡೆಯೆತ್ತಿತು. ದೇಚಮ್ಮ ಗಾಡಿ ನಿಲ್ಲಿಸಿದಳು. ನಿಂತದ್ದು ಒಂದು ಮೈಲಿಗಲ್ಲಿನ ಪಕ್ಕದಲ್ಲಿ. ಕಲ್ಲಿನ ಮೇಲೆ ಬರೆದಿತ್ತು: ಪಿರಿಯಾಪಟ್ಟಣ, ಹದಿನೈದು.

ಚೆನ್ನಾಜಮ್ಮ ಕಲ್ಲನ್ನು ನೋಡಿದಳು. ಮಗನನ್ನು ನೋಡಿದಳು.

"ಅಯ್ಯೋ ನನ್ ಕರ್ಮವೇ! ಮೈಲಿಗಲ್ಲು ಓದಿದ್ಯೇನ್ಲಾ?"

"ನೀನ್ ಹೇಳ್ದಂಗೇ ಮಾಡ್ದೆ ಕಣವ್ವ! ಕಂಡಿದ್ದನ್ನ ಕಂಡಂಗೇ ಹೇಳ್ದೆ. ಒಂದು ಕೊಕ್ಕರೆ ಬುಟ್ಟೋಯ್ತು, ಬಲು ಜೋರಾಗಿ ಹೋಯ್ತಾ ಇದ್ರಲ್ಲ ಅಕ್ಕ."

ದೇಚಮ್ಮ ತುಟಿ ಕಚ್ಚಿಕೊಂಡು ಕಿಟಕಿಯಾಚೆ ನೋಡಿದಳು. ನಗುವನ್ನು ತಡೆದಳೋ, ಬೇರೆ ಶೆಡ್ಡನ್ನು ನೆನೆದಳೋ, ಚೆನ್ನಾಜಮ್ಮನಿಗೆ ತಿಳಿಯಲಿಲ್ಲ. ತಿಳಿಯದೆ ಬೆವರಿದಳು.

"ಬಾಯ್ ಮುಚ್ಕೊಂಡು ಕೇಳು. ಮೀಟರು ನೋಡು, ಮೀಟರಿನ ನಂಬರು ಹೇಳು. ಬೇರೆ ಏನಾದ್ರೂ ಬಾಯಿಂದ ಬಂತು ಅಂದ್ರೆ ಇಲ್ಲೇ ಇಳಿಸ್ಬುಟ್ಟು ಹೋಯ್ತೀನಿ!"

"ಆಯ್ತು ಕಣವ್ವ! ತಲೇಲಿ ಇಟ್ಕಂಡೆ."

ನಂಬಿದರೆ ನಂಬಿ, ಈ ಸಲ ಸರಿಯಾಗಿ ಕೂಗಿದ. ಹೋಗಿ ಬಂದು, ಹೋಗಿ ಬಂದು ನಾಲ್ಕು ಸಲ. ಹನ್ನೊಂದು, ಹನ್ನೊಂದೂವರೆ, ಹನ್ನೆರಡು, ಹನ್ನೆರಡೂವರೆ! ಮುಳ್ಳು ಹದಕ್ಕೆ ಬಂದು ನಿಂತಿತು. ಚೆನ್ನಾಜಮ್ಮನ ಮುಖ ಹುಣ್ಣಿಮೆಯಾಯಿತು. ಇಳಿಯಲು ಕಾಲು ಚಾಚಿದಳು. ಒಂದು ಕಾಲಿಗೆ ಚಪ್ಪಲಿಯಿಲ್ಲ.

"ಬಾಗ್ಲು ಸಂದೀಲಿ ಬಿತ್ತು ಕಣವ್ವ, ನಾ ಕಂಡೆ. ನಂಬರು ಬುಟ್ಟು ಬೇರೆ ಹೇಳ್ಬ್ಯಾಡ ಅಂದ್ಯಲ್ಲ."

ಆಕೆಗೆ ಬೈಯಲೂ ಮನಸ್ಸಾಗಲಿಲ್ಲ. "ಹಾಳಾಗ್ ಹೋಗ್ಲಿ ಚಪ್ಪಲಿ! ಈಗ ನಮ್ ಮಾನ ಇರೋದು ಆ ಮುಳ್ಳಿನ ತುದೀಲಿ. ಭಾನುವಾರ ಅದು ಹನ್ನೆರಡೂವರೆ ಬುಟ್ಟು ಅಲುಗ್ಬಾರ್ದು ನೋಡ್ಲಾ. ಅಲುಗ್ತು ಅಂದ್ರೆ ನಮ್ ಗಾಡಿ ಹೋಯ್ತು, ನಮ್ ಹೆಸ್ರು ಹೋಯ್ತು!"

"ಆಯ್ತು ಕಣವ್ವ! ತಲೇಲಿ ಇಟ್ಕಂಡೆ."

ಶನಿವಾರ ಮಾದಪ್ಪ ಗಾಡಿ ತೊಳೆದ. ಒಳಗೂ ಒರೆಸಿದ. ತುಂಬ ಹೊತ್ತು ಒರೆಸಿದ. ತಾಯಿ ಒಳ್ಳೆಯದೇ ಆಯಿತು ಎಂದುಕೊಂಡಳು.

ಭಾನುವಾರ. ಗದ್ದೆಯ ಬದುವಿನ ತುಂಬ ಜನ. ದೇಚಮ್ಮ ಶಿರಸ್ತ್ರಾಣ ತೊಟ್ಟು ಕುಳಿತಳು, ಮೀಟರಿನ ಕಡೆ ನೋಡಿದಳು. ಹನ್ನೆರಡೂವರೆ! ನಿಂತ ಗಾಡಿಗೂ ಹನ್ನೆರಡೂವರೆಯೇ ಎಂದು ಯೋಚಿಸಲು ಆ ಹೊತ್ತಿನಲ್ಲಿ ಪುರುಸೊತ್ತೆಲ್ಲಿ? ಬಾವುಟ ಇಳಿಯಿತು. ಮೊದಲ ಸುತ್ತು. ತಿರುವಿನಲ್ಲಿ ನೋಡಿದಳು: ಹನ್ನೆರಡೂವರೆ. ತುಳಿದಳು! ಎರಡನೆಯ ಸುತ್ತು, ಅದೇ ಕೊನೆಯದು. ನೋಡಿದಳು: ಹನ್ನೆರಡೂವರೆ. ಇನ್ನೂ ತುಳಿದಳು! ಬದುವಿನ ಮೇಲೆ ಚೆನ್ನಾಜಮ್ಮ ಕಿವಿಗೆ ಅಂಗೈ ಮರೆಮಾಡಿ ಸದ್ದು ಹುಡುಕುತ್ತಿದ್ದಳು. ಸಿಕ್ಕಿದ್ದು ಜನರ ಕೂಗು ಮಾತ್ರ. ಆ ಕೂಗಿನಲ್ಲಿ ಗಾಡಿ ಗೆರೆ ದಾಟಿತು. ಎಲ್ಲರಿಗಿಂತ ಮೊದಲು!

ದೇಚಮ್ಮ ಗಾಡಿ ಆರಿಸಿ, ಕೀಲಿ ತೆಗೆದು, ಹಾರಿ ಇಳಿದು ಚೆನ್ನಾಜಮ್ಮನನ್ನು ತಬ್ಬಿಕೊಂಡಳು. "ಏನ್ ಕೂರಿಸಿದೀರಿ ಚೆನ್ನಾಜಮ್ಮ! ಮುಳ್ಳು ಕೂದಲೆಳೆಯಷ್ಟೂ ಅಲುಗ್ಲಿಲ್ಲ!"

ಕೂದಲೆಳೆಯಷ್ಟೂ? ಚೆನ್ನಾಜಮ್ಮನಿಗೆ ಏನೋ ಚುಚ್ಚಿತು. ಬಗ್ಗಿ ನೋಡಿದಳು. ಎಂಜಿನ್ನು ಆರಿದೆ, ಕೀಲಿ ಹೊರಗಿದೆ, ಮುಳ್ಳು ಹನ್ನೆರಡೂವರೆಯಲ್ಲಿದೆ. ಗಾಜು ತೆಗೆದು ಉಗುರಲ್ಲಿ ತಟ್ಟಿದಳು. ಕದಲಲಿಲ್ಲ. ಮುಳ್ಳಿನ ಕೆಳಗೆ ಅಂಟು, ಒಣಗಿ ಕಲ್ಲಾಗಿತ್ತು.

"ಮಾದಪ್ಪಾ!"

"ನೀನ್ ಹೇಳ್ದಂಗೇ ಮಾಡ್ದೆ ಕಣವ್ವ! ಅಲುಗ್ಬಾರ್ದು ಅಂದೆ. ಅಲುಗ್ತಾ, ಹೇಳು?"

ದೇಚಮ್ಮನ ಮುಖ ಬಿಳಿಚಿತು. ಎರಡು ಸುತ್ತು ಕುರುಡಾಗಿ ಓಡಿಸಿದ್ದೇನೆ! ಚೆನ್ನಾಜಮ್ಮ ಬಾನೆಟ್ಟು ಎತ್ತಿದಳು. ಸ್ಪಾರ್ಕ್ ಪ್ಲಗ್ಗು ಬಿಚ್ಚಿ ಬಿಸಿಲಿಗೆ ಹಿಡಿದಳು. ಪೆಟ್ರೋಲು ಹೆಚ್ಚಾಗಿ ಕರಿ ಹಿಡಿದಿರಲಿಲ್ಲ, ಗಾಳಿ ಹೆಚ್ಚಾಗಿ ಬಿಳಿಚಿರಲಿಲ್ಲ. ಹದವಾಗಿ ಹುರಿದ ಕಾಫಿಬೀಜದ ತಿಳಿಕಂದು. ಮೀಟರು ಸುಳ್ಳು ಹೇಳಿದರೂ ಶುಕ್ರವಾರ ಆಕೆ ತಿದ್ದಿದ ಹದ ಸುಳ್ಳಾಗಿರಲಿಲ್ಲ.

ದೇಚಮ್ಮ ಪ್ಲಗ್ಗು ನೋಡಿದಳು, ಮಾದಪ್ಪನನ್ನು ನೋಡಿದಳು, ಬದುವಿನ ಮೇಲೆ ಕುಸಿದು ಕುಳಿತು ನಕ್ಕಳು. "ಮುಳ್ಳು ಸರಿಯಿದ್ದಿದ್ರೆ ಪ್ರತಿ ತಿರುವಲ್ಲೂ ಹೆದರಿ ಕಾಲು ತೆಗೀತಿದ್ದೆ, ಸೋಲ್ತಿದ್ದೆ! ಆಯ್ತು ಚೆನ್ನಾಜಮ್ಮ, ಇವತ್ತು ಮಾತು ಕೊಡ್ತೀನಿ. ಈ ಗಾಡಿ ಇನ್ನು ನಿಮ್ಮ ಶೆಡ್ ಬಿಟ್ಟು ಎಲ್ಲಿಗೂ ಹೋಗಲ್ಲ!"

ಚೆನ್ನಾಜಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಆ ಸಂಭ್ರಮದಲ್ಲಿ ಮಗನನ್ನು ಬೈಯಲು ಮರೆತಳು, ಹೊಸ ಬುದ್ಧಿ ಹೇಳಲೂ ಮರೆತಳು. ಮಾದಪ್ಪನ ತಲೆ ಖಾಲಿ ಬಿದ್ದಿತ್ತು. ಖಾಲಿ ಬಿದ್ದ ತಲೆಗೆ ದೇಚಮ್ಮನ ಮಾತು ಹೋಗಿ, ಚಾಪೆ ಹಾಸಿ ಕುಳಿತಿತು.

ಗಾಡಿ ಶೆಡ್ಡಿಗೆ ಬಂತು. ಸೋಮವಾರ ಚೆನ್ನಾಜಮ್ಮ ನೆಮ್ಮದಿಯಾಗಿ ಮೈಸೂರಿಗೆ ಕಿವಿ ಡಾಕ್ಟರನ್ನು ನೋಡಲು ಹೋದಳು. ತಂಗಿಯ ಮನೆಯಲ್ಲಿ ಉಳಿದು ಮಂಗಳವಾರ ಬೆಳಿಗ್ಗೆ ಬಂದಳು. ಬಾಗಿಲಲ್ಲೇ ದೇಚಮ್ಮ ಸಿಕ್ಕಿದಳು, ಗಾಡಿ ಮನೆಗೆ ಒಯ್ಯಲು ಬಂದವಳು. ಇಬ್ಬರೂ ನಗುನಗುತ್ತ ಒಳಗೆ ಕಾಲಿಟ್ಟರು.

ಶೆಡ್ಡಿನ ನೆಲದಲ್ಲಿ ನಾಲ್ಕು ಗುಂಡಿ. ನಾಲ್ಕು ಗುಂಡಿಯಲ್ಲಿ ನಾಲ್ಕು ಚಕ್ರ. ಚಕ್ರದ ಅರ್ಧದವರೆಗೆ ಸಿಮೆಂಟು, ಜಲ್ಲಿ, ಮರಳು! ಮಾದಪ್ಪ ಬಿಂದಿಗೆ ಹಿಡಿದು ಸುತ್ತ ನೀರು ಚಿಮುಕಿಸುತ್ತಿದ್ದ.

"ಅಕ್ಕಾ, ಹತ್ರ ಬರ್ಬ್ಯಾಡಿ! ಇನ್ನೂ ಹಸಿ ಅದೆ. ಏಳು ದಿನ ನೀರು ಕುಡೀಬೇಕು. ಆಮೇಲೆ ಆನೆ ಬಂದ್ ಎಳುದ್ರೂ ಶೆಡ್ ಬುಟ್ಟು ಎಲ್ಲಿಗೂ ಹೋಗಲ್ಲ!"

ಚೆನ್ನಾಜಮ್ಮ ಬಾಯಿ ತೆರೆದಳು. ಬೈಗುಳ ನಾಲಿಗೆಯ ತುದಿಗೆ ಬಂತು, ಬುದ್ಧಿಮಾತು ಅದರ ಹಿಂದೆ ಬಂತು. ಏನು ಹೇಳಿದರೆ ಇವನು ಏನು ಮಾಡಿಯಾನೋ ಎಂದು ನೆನೆದು, ಎರಡನ್ನೂ ನುಂಗಿ ಬಾಯಿ ಮುಚ್ಚಿಕೊಂಡಳು. ಆದರೆ ಪಕ್ಕದಲ್ಲಿದ್ದ ದೇಚಮ್ಮನಿಗೆ ಆ ಅನುಭವ ಎಲ್ಲಿತ್ತು?

"ಅಯ್ಯೋ, ನನ್ ಗಾಡಿ ಹೊರಗೆ ಬರ್ಬೇಕು ಕಣೋ, ಈಗ್ಲೇ ಹೊರಗೆ ಬರ್ಬೇಕು!" ಎಂದು ಚೀರಿಬಿಟ್ಟಳು.

"ಅಷ್ಟೇನಾ ಅಕ್ಕ? ಆಯ್ತು! ತಲೇಲಿ ಇಟ್ಕಂಡೆ."

ಬಿಂದಿಗೆ ಕೆಳಗಿಟ್ಟ. ಸ್ಪ್ಯಾನರ್ ಎತ್ತಿಕೊಂಡ. ಏಣಿ ಹತ್ತಿದ. ತಾಯಿ "ಬ್ಯಾಡ" ಎನ್ನುವುದರೊಳಗೆ ಚಾವಣಿಯ ಮೊದಲ ತಗಡು ಧಡಾರನೆ ಅಂಗಳಕ್ಕೆ ಬಿತ್ತು. ಎರಡನೆಯದು ಬಿತ್ತು. ಮೂರನೆಯದು ಬಿತ್ತು. ಸಿಮೆಂಟಿನಲ್ಲಿ ಹೂತ ಗಾಡಿಯ ಮೇಲೆ ಚುರ್ರೆಂದು ಬಿಸಿಲು ಇಳಿಯಿತು. ಮೇಲಿನಿಂದ ಮಾದಪ್ಪ ಬಗ್ಗಿ ನೋಡಿ, ಸಂತೋಷದಿಂದ ಕೂಗಿದ:

"ಗೋಡೆ ಒಂದು ಒಡೆದ್ರೆ ಆಯ್ತು ಅಕ್ಕ, ಗಾಡಿ ಪೂರ್ತಿ ಹೊರಗೇ!"